ದೂರು ಬರೆಯುವುದನ್ನು ಕಲಿಸುವವರು ಯಾರು?

ಮಾನ್ಯರೇ,

ಪೊಲೀಸ್ ತರಬೇತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿ ನಿಮಗೆ ಸಿಟ್ಟು ತರಿಸಿದೆ. ಪಾವಗಡ, ಮಧುಗಿರಿ ಕಡೆಯ ಠಾಣೆಗಳಲ್ಲಿ ದುಡಿದು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು ನೀವು, ಸಿಟ್ಟಿಗೆ ಕಾರಣವಿದೆ. ನಿಮ್ಮ ಪತ್ರದ ಸಾರ ಇಷ್ಟು: ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕಾರ್ಯಾಗಾರಗಳಿಗೆ ಹೋಗಿ ಹೋಗಿ ಸಾಕಾಗಿದೆ, ಅಲ್ಲಿ ಕಲಂಗಳನ್ನು ಓದುತ್ತಾರೆ, ಊಟ ಹಾಕುತ್ತಾರೆ, ಫೋಟೊ ತೆಗೆದು ಕಳುಹಿಸುತ್ತಾರೆ, ಕೇಸು ಬಿದ್ದಾಗ ಬೈಗುಳವೆಲ್ಲ ಠಾಣೆಯ ಪಾಲಿಗೆ. ಅಮೆರಿಕದಲ್ಲಿ ಬುಡಕಟ್ಟು ಜನರ ನಡುವೆ ಕೆಲಸ ಮಾಡುವ ಪೊಲೀಸರು, ಸರ್ಕಾರಿ ವಕೀಲರು, ನ್ಯಾಯಾಧೀಶರನ್ನು ಒಟ್ಟಿಗೆ ಕೂರಿಸಿ ಕಲಿಸುತ್ತಾರಂತೆ, ತುಮಕೂರಿನಲ್ಲಿ ಏಕಾಗಬಾರದು ಎಂದೂ ಕೇಳಿದ್ದೀರಿ. ಕೊನೆಗೊಂದು ಸವಾಲು: ಸಾಕ್ಷಿಯೇ ತಿರುಗಿಬಿದ್ದರೆ ಯಾವ ತರಬೇತಿ ಏನು ಮಾಡೀತು?

ಊಟ, ಫೋಟೊಗಳ ವಿಷಯದಲ್ಲಿ ನಮ್ಮ ನಡುವೆ ತಕರಾರಿಲ್ಲ. ಸಭಾಂಗಣದ ಭಾಷಣದಿಂದ ಠಾಣೆಯ ಬರವಣಿಗೆ ಬದಲಾದದ್ದನ್ನು ನಾನೂ ಕಾಣೆ. ಆದರೆ ಬದಲಾಗಬೇಕಾದದ್ದು ಮೊದಲು ಅದೇ.

ಗಡಿಯ ಹಳ್ಳಿಯಿಂದ ನಾಯಕ ಸಮುದಾಯದ ಹೆಣ್ಣುಮಗಳೊಬ್ಬಳು ಪಾವಗಡದ ಕಡೆಯ ಠಾಣೆಗೆ ಬಂದಳು ಎಂದುಕೊಳ್ಳಿ. ಆಕೆ ತೆಲುಗಿನಲ್ಲಿ ಹೇಳುತ್ತಾಳೆ: ನೀರಿನ ಟ್ಯಾಂಕಿನ ಬಳಿ, ಇಂಥಿಂಥವರು ನೋಡುತ್ತಿದ್ದಾಗ, ಇಂಥವನು ಹೀಗೆಂದ. ಬರಹಗಾರರು ಕಂಪ್ಯೂಟರಿನಲ್ಲಿರುವ ಹಳೆಯ ದೂರೊಂದನ್ನು ತೆರೆದು ಹೆಸರು ಬದಲಿಸುತ್ತಾರೆ. ‘ಪಿರ್ಯಾದುದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ’ ಎಂದು ಶುರುವಾದದ್ದು ‘ಅವಾಚ್ಯ ಶಬ್ದಗಳಿಂದ ಬೈದು, ಜಾತಿ ನಿಂದನೆ ಮಾಡಿ, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾರೆ’ ಎಂದು ಮುಗಿಯುತ್ತದೆ. ಟ್ಯಾಂಕು ಹೋಯಿತು, ನೋಡಿದವರು ಹೋದರು, ಆಡಿದ ಮಾತೂ ಹೋಯಿತು. ಜಾತಿ ಹಿಡಿದು ಅವಮಾನಿಸಿದ್ದು ಕಾಯ್ದೆಯ 3ನೇ ಕಲಮಿನಡಿ ಅಪರಾಧವಾಗಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ನಡೆದಿರಬೇಕು. ಮನೆಯ ನಾಲ್ಕು ಗೋಡೆಗಳೊಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ್ದು ಇದರಡಿ ಬರುವುದಿಲ್ಲವೆಂದು 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಂದರೆ ಕೇಸಿನ ಜೀವವೇ ಆ ಟ್ಯಾಂಕು. ವಿಚಾರಣೆಯಲ್ಲಿ ಆಕೆ ಅದರ ಮಾತೆತ್ತಿದರೆ, ‘ದೂರಿನಲ್ಲಿ ಇಲ್ಲದ್ದನ್ನು ಈಗ ಸೇರಿಸುತ್ತಿದ್ದೀರಿ’ ಎಂದು ಪಾಟಿ ಸವಾಲಿನಲ್ಲಿ ಹಿಡಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ, ಸಹಿ ಹಾಕಿಸುವ ಮುನ್ನ ಓದಿ ಹೇಳಬೇಕು ಎಂದು 4ನೇ ಕಲಂ ಹೇಳುತ್ತದೆ. ಪರಿಶಿಷ್ಟರಲ್ಲದ ಅಧಿಕಾರಿ ಬೇಕೆಂದೇ ಈ ಕರ್ತವ್ಯ ತಪ್ಪಿಸಿದರೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ. ಆಕೆಗೆ ತಿಳಿಯುವ ತೆಲುಗಿನಲ್ಲಿ ಓದಿ ಹೇಳಿದ್ದರೆ, ‘ಟ್ಯಾಂಕಿನ ಹತ್ತಿರ ಅಂತ ಹೇಳಿದೆನಲ್ಲ ಸಾರ್’ ಎಂದು ಅಲ್ಲೇ ಹೇಳುತ್ತಿದ್ದಳು. ಇದನ್ನು ಕಲಿಸಲು ಸಭಾಂಗಣ ಬೇಕಿಲ್ಲ, ಒಂದು ಮೇಜು, ಒಂದು ಹಳೆಯ ಕಡತ ಸಾಕು.

ಇನ್ನು ಅಮೆರಿಕ. ಅಲ್ಲಿನ ತಾಪತ್ರಯವೇ ಬೇರೆ. ಅಪರಾಧ ನಡೆದ ಜಾಗ ಯಾವುದು, ಮಾಡಿದವನು ಯಾರು, ನೊಂದವರು ಯಾರು ಎಂಬುದನ್ನು ನೋಡಿ ಅದು ಬುಡಕಟ್ಟಿನ ನ್ಯಾಯಾಲಯಕ್ಕೋ, ರಾಜ್ಯಕ್ಕೋ, ಕೇಂದ್ರಕ್ಕೋ ಹೋಗುತ್ತದೆ. ಬುಡಕಟ್ಟಿನವನಲ್ಲದ ಆರೋಪಿಯನ್ನು ಬುಡಕಟ್ಟು ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 1978ರ ಒಲಿಫಂಟ್ ತೀರ್ಪು ಹೇಳಿತು. 2013ರಲ್ಲಿ ಕೌಟುಂಬಿಕ ಹಿಂಸೆಯ ಮಟ್ಟಿಗೆ ಆ ಅಧಿಕಾರ ಮರಳಿತು. ಒಟ್ಟಿಗೆ ಕೂರದೆ ಅವರಿಗೆ ಗತಿಯಿಲ್ಲ. ನಮ್ಮಲ್ಲಿ ಆ ಗೋಜಲಿಲ್ಲ. ಆದರೂ ಅವರ 2010ರ ಕಾನೂನಿನಲ್ಲಿ ನಾವು ಗಮನಿಸಬೇಕಾದ ಒಂದು ಷರತ್ತಿದೆ. ಒಂದು ಅಪರಾಧಕ್ಕೆ 1 ವರ್ಷಕ್ಕಿಂತ ಹೆಚ್ಚಿನ, 3 ವರ್ಷದವರೆಗಿನ ಶಿಕ್ಷೆ ಕೊಡಲು ಬುಡಕಟ್ಟು ನ್ಯಾಯಾಲಯಕ್ಕೆ ಅವಕಾಶ ಸಿಕ್ಕಿದ್ದು ನ್ಯಾಯಾಧೀಶರಿಗೆ ಕಾನೂನು ತರಬೇತಿ ಇದ್ದರೆ, ಬಡ ಆರೋಪಿಗೆ ವಕೀಲರನ್ನು ಕೊಟ್ಟರೆ ಮಾತ್ರ. ಕಲಿಯದವರ ಕೈಗೆ ಅಧಿಕಾರವಿಲ್ಲ. ದೌರ್ಜನ್ಯ ತಡೆ ಕಾಯ್ದೆಯಡಿ ಬಂದ ನಮ್ಮ 1995ರ ನಿಯಮಗಳಲ್ಲೂ ಇದರ ಹೋಲಿಕೆಯ ಮಾತಿದೆ: ತನಿಖಾಧಿಕಾರಿ ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು, ಅವರ ಅನುಭವ, ಸಾಮರ್ಥ್ಯ, ನ್ಯಾಯಪ್ರಜ್ಞೆಯನ್ನು ನೋಡಿ ನೇಮಿಸಬೇಕು ಎಂದು 7ನೇ ನಿಯಮ ಹೇಳುತ್ತದೆ. ಹುದ್ದೆ ಹೆಗಲ ಮೇಲೆ ಕಾಣುತ್ತದೆ, ಅದನ್ನು ನೋಡಿ ಮುಗಿಸುತ್ತಾರೆ. ಉಳಿದದ್ದನ್ನು ಯಾರು ನೋಡುತ್ತಾರೆ?

ನ್ಯಾಯಾಧೀಶರನ್ನೂ ಪೊಲೀಸರ ಜತೆ ಒಂದೇ ತರಗತಿಯಲ್ಲಿ ಕೂರಿಸಬೇಕೆಂಬ ನಿಮ್ಮ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅವರಿಗೆ ನ್ಯಾಯಾಂಗ ಅಕಾಡೆಮಿ ಇದೆ. ನಾಳೆ ನಿಮ್ಮ ಕಡತವನ್ನು ತೂಗಬೇಕಾದವರು ಇಂದು ನಿಮ್ಮ ಪಕ್ಕದಲ್ಲಿ ಕುಳಿತು ಕಲಿಯುವುದು ಆರೋಪಿಯ ಕಣ್ಣಿಗೆ ಸರಿ ಕಾಣುವುದಿಲ್ಲ.

ಸಾಕ್ಷಿಗಳ ವಿಷಯ. ಕಂಬಾಲಪಲ್ಲಿ ನಿಮಗೆ ನೆನಪಿರಲೇಬೇಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ತಿರುಗಿಬಿದ್ದ ಎಂದು ನೀವು ಬರೆದ ಧಾಟಿಯಲ್ಲಿ ತಪ್ಪೆಲ್ಲ ಆತನದೇ ಎಂಬಂತಿದೆ. ಕೋರ್ಟಿನಿಂದ ಆತ ಮರಳಬೇಕಾದದ್ದು ಅದೇ ಊರಿಗೆ, ಕೂಲಿ ಕೇಳಬೇಕಾದದ್ದು ಅದೇ ಜಮೀನಿನವರನ್ನು. ದೌರ್ಜನ್ಯ ತಡೆ ಕಾಯ್ದೆಗೆ ಸೇರಿ 2016ರಲ್ಲಿ ಜಾರಿಗೆ ಬಂದ 15ಎ ಕಲಂ ಸಾಕ್ಷಿಗೆ ರಕ್ಷಣೆ, ಬೇಕಾದರೆ ಬೇರೆಡೆ ವಸತಿ, ಪ್ರಯಾಣ ಮತ್ತು ಜೀವನ ವೆಚ್ಚವನ್ನು ಕೊಡಬೇಕೆನ್ನುತ್ತದೆ. ಜಾಮೀನು ಅರ್ಜಿಯ ನೋಟಿಸ್ ನೊಂದವರಿಗೆ ತಲುಪಲೇಬೇಕು, ಅವರ ಮಾತು ಕೇಳಲೇಬೇಕು ಎಂದು ಹರಿರಾಮ್ ಭಾಂಭಿ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ನೋಟಿಸ್ ಹಿಡಿದು ಊರಿಗೆ ಹೋಗುವವರು ಕಾನ್‌ಸ್ಟೆಬಲ್. ಸಾಕ್ಷಿಗೆ ಭತ್ಯೆ ಕೊಡಿಸುವ ಅರ್ಜಿ ಎಲ್ಲಿ ಸಿಗುತ್ತದೆಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಇದೂ ತರಬೇತಿಯೇ.

ನಿಮ್ಮ ಪತ್ರ ಮುಟ್ಟದ ಇನ್ನೊಂದು ಮಗ್ಗುಲಿದೆ: ಬುಡಕಟ್ಟಿನವರು, ಅಲೆಮಾರಿಗಳು ದೂರುದಾರರಾಗಿಯಲ್ಲ, ಆರೋಪಿಗಳಾಗಿ ಠಾಣೆಗೆ ಬರುವುದು. ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿದ, 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತು. ಕಳವಾದ ಮರುದಿನ ಮೊದಲು ಯಾರ ಗುಡಿಸಲಿಗೆ ಹೋಗಬೇಕೆಂಬ ಠಾಣೆಯ ಅಭ್ಯಾಸ ರದ್ದಾಗಲಿಲ್ಲ. ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂಧೆ ಪ್ರಕರಣವನ್ನು ನೋಡಿ. ಅಲೆಮಾರಿ ಬುಡಕಟ್ಟಿನ ಆರು ಮಂದಿಗೆ 2009ರಲ್ಲಿ ಗಲ್ಲು ಎಂದಿದ್ದ ಸುಪ್ರೀಂ ಕೋರ್ಟೇ 2019ರಲ್ಲಿ ಅವರೆಲ್ಲರನ್ನೂ ನಿರಪರಾಧಿಗಳೆಂದು ಬಿಟ್ಟಿತು, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಬಾರದೆಂದು 2024ರ ಅಕ್ಟೋಬರ್‌ನಲ್ಲಿ ಸುಕನ್ಯಾ ಶಾಂತಾ ಪ್ರಕರಣದ ತೀರ್ಪಿನಲ್ಲಿ ಪೊಲೀಸರಿಗೆ ಮತ್ತೆ ಹೇಳಬೇಕಾಯಿತು. ಹಾಗಾಗಿ ಆ ಮೇಜಿಗೆ ಆರೋಪಿಯ ಪರ ವಾದಿಸುವ ಕಾನೂನು ನೆರವಿನ ವಕೀಲರೂ ಬರಬೇಕು.

ಮೇಜು ಎಲ್ಲಿ ಹಾಕುವುದು ಎಂದು ನೀವು ಕೇಳಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು ನಿಯಮವೇ ಇದೆ. ಪ್ರತಿ ಸಭೆಯ ಮರುದಿನ ಖುಲಾಸೆಯಾದ ಒಂದೇ ಒಂದು ಕಡತವನ್ನು ಬಿಚ್ಚಲಿ. ಠಾಣೆಯ ಬರಹಗಾರರು, ಡಿವೈಎಸ್‌ಪಿ, ಸರ್ಕಾರಿ ಅಭಿಯೋಜಕರು, ಕಾನೂನು ನೆರವಿನ ವಕೀಲರು, ಸಮಾಜ ಕಲ್ಯಾಣ ಇಲಾಖೆಯವರು ಕುಳಿತು ದೂರಿನ ಮೊದಲ ಸಾಲಿನಿಂದ ಓದಲಿ. ಬರಹಗಾರರು ಗೋಡೆಗೊರಗಿ ನಿಲ್ಲುವುದು ಬೇಡ, ಅವರಿಗೂ ಕುರ್ಚಿ ಕೊಡಲಿ.

ನಿಮ್ಮ ಸೇವೆಯಲ್ಲಿ ನೀವೇ ಬರೆದ, ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತ ದೂರೊಂದು ನಿಮ್ಮ ಬಳಿ ಇದೆ ಎಂದಿದ್ದೀರಿ. ಹೆಸರು, ಊರು, ಅಪರಾಧ ಸಂಖ್ಯೆ ಅಳಿಸಿ ಪ್ರತಿಯನ್ನು ಕಳುಹಿಸಿ. ಪಕ್ಕದಲ್ಲಿ ನಿಮ್ಮ ಟಿಪ್ಪಣಿಗಳೊಡನೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ