ಓದುಗರ ಪ್ರಶ್ನೆ: ಅಜ್ಜ ಹಾಡುವುದು ಸಾಹಿತ್ಯ ಅಲ್ವಾ?

ಪ್ರಶ್ನೆ: ಸಾರ್, ನಾನು ಮೊದಲ ಪಿಯುಸಿ. ಸಾಹಿತ್ಯ ಎಂದರೆ ಕಾವ್ಯ, ಕಥೆ, ಕಾದಂಬರಿ, ನಾಟಕ, ಪ್ರಬಂಧ ಎಂದು ಕ್ಲಾಸಿನಲ್ಲಿ ಬರೆಸಿದರು. ನಮ್ಮಜ್ಜನಿಗೆ ಓದು ಬರುವುದಿಲ್ಲ. ಆದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದರೆ ಗಂಟೆಗಟ್ಟಲೆ ಹಾಡುತ್ತಾರೆ. ಅದು ಯಾವುದಕ್ಕೆ ಸೇರುತ್ತದೆ? ಕಥೆಗೂ ಪ್ರಬಂಧಕ್ಕೂ ಏನು ವ್ಯತ್ಯಾಸ?
– ಒಬ್ಬ ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಮಗಳೇ, ನಮ್ಮಪ್ಪ ಮಳೆಗಾಲದಲ್ಲಿ ದಿನಾ ಕ್ಯಾಲೆಂಡರಿನ ಮೇಲೆ ಮಳೆ ಎಷ್ಟು ಇಂಚು ಅಂತ ಬರೆಯುತ್ತಿದ್ದರು. ಅದು ಲೆಕ್ಕ. ಅದೇ ಮಳೆಗೆ ಅವ್ವ, 'ಮೇಲಿನವನು ಹಂಡೆಗೆ ಮುಚ್ಚಳ ಹಾಕೋದು ಮರೆತಿದ್ದಾನೆ' ಎನ್ನುತ್ತಿದ್ದಳು. ಇಂಚು ಎಷ್ಟೆಂದು ನನಗೀಗ ಮರೆತಿದೆ, ಮುಚ್ಚಳ ಮರೆತಿಲ್ಲ. ಸಾಹಿತ್ಯ ಅಲ್ಲಿಂದ ಶುರು. ಅವ್ವನಿಗೂ ಓದು ಬರುತ್ತಿರಲಿಲ್ಲ.

ನಿಮ್ಮಜ್ಜ ಹಾಡುವಾಗ ಹತ್ತಿರ ಕೂತು ನೋಡು. ನಾಲ್ಕು ಜನ, ಕೈಯಲ್ಲಿ ದುಡಿ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಮೊದಲಿನವರ ನಾಲಿಗೆಗೆ ಮುಂದಿನ ಸಾಲು ಬಂದಿರುತ್ತದೆ. ಸಾಲುಗಳು ಗಿಡ್ಡ, ನಡುನಡುವೆ 'ಬಾಳೋ ಬಾಳೋ'. ಇದು ಸುಮ್ನೆ ಚೆಂದಕ್ಕಲ್ಲ. ಕಾಗದ ಇಲ್ಲದವರು ನೆನಪಿಟ್ಟುಕೊಳ್ಳಲು ಮಾಡಿಕೊಂಡ ಉಪಾಯ. ಪದ್ಯಕ್ಕೆ ಲಯ ಯಾಕೆ ಎಂದು ನನಗೆ ಗೊತ್ತಾದದ್ದು ದುಡಿಯಿಂದ, ಛಂದಸ್ಸಿನ ಪುಸ್ತಕದಿಂದಲ್ಲ. ನಡಿಕೇರಿಯಂಡ ಚಿಣ್ಣಪ್ಪ ಇಂಥ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಅಚ್ಚು ಹಾಕಿಸಿದರು. ಭಾಷೆ ಕೊಡವ, ಲಿಪಿ ಕನ್ನಡ. ಅಚ್ಚಾದ ಹಿಂದಿನ ದಿನವೂ ಹಾಡು ಅದೇ ತಾನೆ? ಹಾಗಾಗಿ ಅಜ್ಜನ ಹಾಡನ್ನು ಧೈರ್ಯವಾಗಿ ಕಾವ್ಯ ಅನ್ನು. ಪರೀಕ್ಷೆಯಲ್ಲಾದರೆ 'ಜನಪದ ಕಾವ್ಯ' ಎಂದು ಬರೆ, ಮಾರ್ಕ್ಸ್ ಸಿಗುತ್ತದೆ.

ಕಥೆ, ಪ್ರಬಂಧದ ವಿಷಯಕ್ಕೆ ನನ್ನದೇ ಒಂದು ಅವಮಾನ ಹೇಳುತ್ತೇನೆ. ಒಂದು ಆಷಾಢದಲ್ಲಿ ಮರ ಬಿದ್ದು ಎಂಟು ದಿನ ಕರೆಂಟ್ ಇರಲಿಲ್ಲ. ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದದ್ದು, ಜಿಗಣೆ ಕಚ್ಚಿದ್ದು, ಒಣಗದ ಬಟ್ಟೆಯ ವಾಸನೆ, ಎಲ್ಲ ಬರೆದು 'ಕಥೆ' ಎಂದು ಒಂದು ಪತ್ರಿಕೆಗೆ ಕಳಿಸಿದೆ. ವಾಪಸ್ ಬಂತು. ಮೇಲೆ ಕೆಂಪು ಇಂಕಿನಲ್ಲಿ ಎರಡೇ ಪದ: 'ಕಥೆ ಎಲ್ಲಿ?' ಸಿಟ್ಟು ಬಂದಿತ್ತು. ಆದರೆ ಅವರು ಹೇಳಿದ್ದು ಸರಿ. ಯಾರಿಗೂ ಏನೂ ಆಗುವುದಿಲ್ಲ, ಮಳೆ ನಿಲ್ಲುತ್ತದೆ ಅಷ್ಟೆ. ಅರ್ಧ ಕತ್ತರಿಸಿ ಲಲಿತ ಪ್ರಬಂಧ ಎಂದು ಬೇರೆ ಕಡೆ ಕಳಿಸಿದೆ, ಪ್ರಕಟವಾಯಿತು. ಪ್ರಬಂಧಕ್ಕೆ ಹರಟೆ ಹೊಡೆಯಲು ಬರುವ ಒಬ್ಬ ಮನುಷ್ಯ ಸಾಕು. ಕಥೆಯಲ್ಲಿ ಯಾರದೋ ಬದುಕು ಸ್ವಲ್ಪವಾದರೂ ಹೊರಳಬೇಕು.

ಕಥೆ ಬೇಕಾದರೆ ನಮ್ಮ ಕೊಡಗಿನ ಗೌರಮ್ಮನವರನ್ನೇ ಓದು. 1912ರಲ್ಲಿ ಹುಟ್ಟಿ 1939ರಲ್ಲಿ, 27ನೇ ವಯಸ್ಸಿಗೇ, ನೀರಿನಲ್ಲಿ ಮುಳುಗಿ ತೀರಿಹೋದರು. ಅವರ ಕಥೆಗಳಲ್ಲಿ ಕೆಲವೇ ಪುಟದೊಳಗೆ ಒಬ್ಬ ಹೆಣ್ಣುಮಗಳ ಜೀವನವೇ ಬದಲಾಗಿರುತ್ತದೆ.

ಕಾದಂಬರಿಗೆ ಜಾಗ ಜಾಸ್ತಿ, ಜನ ಜಾಸ್ತಿ. ನಾಟಕವನ್ನು ಓದುವುದಕ್ಕಿಂತ ನೋಡು. ಈ ಐದು ಗೂಡುಗಳನ್ನು ಬಹಳ ನಂಬಬೇಡ. ಪಂಪ ಗದ್ಯ ಪದ್ಯ ಎರಡೂ ಬೆರೆಸಿ ಚಂಪೂ ಬರೆದ. ವಚನವನ್ನು ಗದ್ಯ ಅನ್ನುವವರೂ ಇದ್ದಾರೆ, ಪದ್ಯ ಅನ್ನುವವರೂ ಇದ್ದಾರೆ.

ಈ ಹುತ್ತರಿಗೆ ಅಜ್ಜನ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೋ. ನಡುವೆ ಸಾಲು ಮರೆತುಹೋದರೆ ಏನು ಮಾಡುತ್ತಾರೆ ಎಂದು ಕೇಳು. ಅವರು ಏನಂದರು ಅಂತ ನನಗೂ ಬರೆ.