ಬೂಮ್ ಲಿಫ್ಟ್‌ನಲ್ಲಿ ಕೆಲಸ ಮಾಡುವಾಗ ಬೆಲ್ಟ್, ಹೆಲ್ಮೆಟ್ ಇದ್ದರೆ ಸಾಕಾ?

ಮಣಿಪಾಲದಲ್ಲಿ ಐದು ಮಹಡಿ ಕಟ್ಟಡದ ಹೊರಗೋಡೆ ಕೆಲಸಕ್ಕೆ 60 ಅಡಿ ಬೂಮ್ ಲಿಫ್ಟ್ (ಬೂಮ್ ಎಂಬ ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ಜನರನ್ನು ಮೇಲಕ್ಕೆ ಎತ್ತುವ ಗಾಡಿ) ಬಾಡಿಗೆಗೆ ತರಿಸುತ್ತಿದ್ದೇವೆ, ಎಲ್ಲರಿಗೂ ಬೆಲ್ಟ್ ಹೆಲ್ಮೆಟ್ ಉಂಟು, ಇನ್ನೇನು ನೋಡಬೇಕು ಅಂತ ಕೇಳಿದ್ದೀರಿ. ನಾನು ಬೈಕಂಪಾಡಿ, ಸುರತ್ಕಲ್ ಕಡೆಯ ಸೈಟ್‌ಗಳಲ್ಲಿ ಸೇಫ್ಟಿ ನೋಡಿಕೊಳ್ಳುವವನು. ಬೆಲ್ಟ್ ಬೇಕೇ ಬೇಕು. ಆದರೆ ಗಾಡಿ ಬರುವ ಮೊದಲೇ ನೋಡಬೇಕಾದದ್ದು ನೆಲ.

60 ಅಡಿ ಬೂಮ್ ಅಂದರೆ ಹತ್ತು ಟನ್ ಆಸುಪಾಸು ತೂಕ. ಅದು ನಾಲ್ಕು ಚಕ್ರದ ಮೇಲೆ ಸಮ ಇರುವುದಿಲ್ಲ. ಬೂಮ್ ಯಾವ ಕಡೆ ಚಾಚುತ್ತದೋ ಆ ಮೂಲೆಗೆ ಭಾರ ಹೋಗುತ್ತದೆ. ಒಂದೇ ಚಕ್ರದ ಮೇಲೆ ಅರ್ಧದಷ್ಟು ತೂಕ ಬೀಳಬಹುದು. ನಮ್ಮ ಊರಿನ ಸೈಟ್‌ಗಳು ಹೆಚ್ಚಿನವು ಗುಡ್ಡ ಕಡಿದು ಸಮತಟ್ಟು ಮಾಡಿದವು. ಒಂದು ಕಡೆ ಗಟ್ಟಿ ಮುರಕಲ್ಲು, ಇನ್ನೊಂದು ಕಡೆ ತುಂಬಿಸಿದ ಮಣ್ಣು. ಮೇಲಿಂದ ನೋಡಿದರೆ ಎರಡೂ ಒಂದೇ ಕೆಂಪು. ಮಳೆ ಬಂದಾಗ ತುಂಬಿಸಿದ ಕಡೆ ಕುಸಿಯುತ್ತದೆ. ಸಂಪ್, ಸೆಪ್ಟಿಕ್ ಟ್ಯಾಂಕ್, ಚರಂಡಿ ಚಪ್ಪಡಿ, ಪೈಪ್ ಹಾಕಿ ಮುಚ್ಚಿದ ಟ್ರೆಂಚ್ ಎಲ್ಲಿದೆ ಅಂತ ಸುಣ್ಣದಲ್ಲಿ ಗುರುತು ಹಾಕಿಸಿ. ಹಳೆ ಮನೆ ಕೆಡವಿದ ಜಾಗವಾದರೆ ಬಾವಿ ಎಲ್ಲಿತ್ತು ಅಂತ ನೆರೆಮನೆಯ ಹಿರಿಯರನ್ನು ಕೇಳಿ. ನಕ್ಷೆಯಲ್ಲಿ ಅದು ಇರುವುದೇ ಇಲ್ಲ ಮಾರಾಯ್ರೆ.

ಗಾಡಿ ವಾಲಿದರೆ ಟಿಲ್ಟ್ ಅಲಾರಂ ಕೂಗುತ್ತದೆ. ಅದನ್ನು ತಪ್ಪಿಸಲು ವಯರ್ ಕಿತ್ತಿಟ್ಟ ಗಾಡಿ ಬಂದರೆ ಗೇಟಿನಿಂದಲೇ ವಾಪಸ್ ಕಳುಹಿಸಿ. ಬಾಡಿಗೆ ಹೋದರೆ ಹೋಗಲಿ.

ಎರಡನೆಯದು ಕರೆಂಟ್ ಲೈನ್. ಈ ಬುಟ್ಟಿ ಕರೆಂಟ್ ತಡೆಯುವುದಿಲ್ಲ, ರಬ್ಬರ್ ಟೈರ್ ಇದ್ದರೂ ಅಷ್ಟೇ. ರಸ್ತೆ ಬದಿಯ 11 ಕೆವಿ ಲೈನ್‌ನಿಂದ ಕಡಿಮೆಯೆಂದರೂ ಹತ್ತು ಅಡಿ ದೂರ ಇರಬೇಕು. ಅದು ಬುಟ್ಟಿಗೆ ಮಾತ್ರ ಅಲ್ಲ, ಬೂಮ್‌ನ ಮೊಣಕೈ, ಕೈಯಲ್ಲಿ ಹಿಡಿದ ಪೈಪ್, ಶೀಟ್ ಎಲ್ಲ ಸೇರಿ. ಅಷ್ಟು ಜಾಗ ಇಲ್ಲವೆಂದರೆ ಕರೆಂಟ್ ಕಂಪನಿ ಮೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿ. 'ಜಾಗ್ರತೆಯಿಂದ ಮಾಡ್ತೇವೆ' ಅನ್ನುವ ಮಾತನ್ನು ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಗಾಳಿಗೂ ಲೆಕ್ಕ ಉಂಟು. ಹೊರಗಡೆ ಬಳಸುವ ಗಾಡಿಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್ ಮಿತಿ. ಒಳಾಂಗಣಕ್ಕೆ ಮಾತ್ರ ಅಂತ ಬರೆದ ಸಿಸರ್ ಲಿಫ್ಟ್ (ಕತ್ತರಿಯ ಹಾಗೆ ಬಿಚ್ಚಿಕೊಂಡು ನೇರ ಮೇಲೇರುವ ಗಾಡಿ) ಇದ್ದರೆ ಹೊರಗೆ ತೆಗೆಯಲೇಬೇಡಿ. ಮಣಿಪಾಲ ಎತ್ತರದಲ್ಲಿದೆ, ಮಧ್ಯಾಹ್ನದ ಮೇಲೆ ಕಡಲ ಗಾಳಿ ನೇರ ಬಂದು ಹೊಡೆಯುತ್ತದೆ. ಎತ್ತರದ ಕೆಲಸ ಬೆಳಿಗ್ಗೆ ಇಟ್ಟುಕೊಳ್ಳಿ. ಗಾಳಿ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಅದನ್ನು ಬುಟ್ಟಿಯಲ್ಲೇ ಹಿಡಿದು ನೋಡಬೇಕು, ಕೆಳಗೆ ನಿಂತಲ್ಲ. ಬಿಸಿಲಿಗೋ ಮಳೆಗೋ ಅಂತ ಬುಟ್ಟಿಗೆ ಟಾರ್ಪಾಲ್ ಕಟ್ಟುವವರಿದ್ದಾರೆ. ಅದು ಹಾಯಿ ಕಟ್ಟಿದ ಹಾಗೆ, ಆ 45ರ ಲೆಕ್ಕವೇ ಆಮೇಲೆ ಉಳಿಯುವುದಿಲ್ಲ. ಗುಡುಗು ಕೇಳಿದರೆ ಸುಮ್ನೆ ಕೆಳಗಿಳಿಸಿ.

ಈಗ ಬೆಲ್ಟ್. ಚಕ್ರ ಗುಂಡಿಗೆ ಇಳಿದಾಗ ಕೆಳಗೆ ಆಗುವ ಸಣ್ಣ ಕುಲುಕು ಮೇಲೆ ದೊಡ್ಡ ಎಸೆತ ಆಗುತ್ತದೆ. ಮನುಷ್ಯ ಬುಟ್ಟಿಯಿಂದ ಹೊರಗೆ ಹಾರುತ್ತಾನೆ. ಅದನ್ನು ತಡೆಯಲಿಕ್ಕೆ ಬೆಲ್ಟ್. ಹಾಗಾಗಿ ಸೊಂಟದ ಬೆಲ್ಟ್ ಸಾಲದು, ಇಡೀ ಮೈಗೆ ಹಾಕುವ ಹಾರ್ನೆಸ್ ಬೇಕು. ಹಗ್ಗ ಗಿಡ್ಡ ಇರಬೇಕು, ಕೊಕ್ಕೆಯನ್ನು ಬುಟ್ಟಿಯೊಳಗೆ ಅದಕ್ಕೆಂದೇ ಇರುವ ಆಂಕರ್‌ಗೇ ಹಾಕಬೇಕು. ಕಟ್ಟಡದ ಕಂಬಿಗೆ ಕೊಕ್ಕೆ ಹಾಕಿ ಗಾಡಿ ಇಳಿದರೆ ಏನಾಗುತ್ತದೆ ಯೋಚಿಸಿ. ಬುಟ್ಟಿಯ ಕಂಬಿ ಹತ್ತಿ ನಿಲ್ಲುವುದು, ಬುಟ್ಟಿಯಲ್ಲಿ ಏಣಿ ಇಡುವುದು ಬೇಡ. ಬುಟ್ಟಿಯ ತೂಕದ ಮಿತಿ ಗಾಡಿಯ ಮೇಲೆಯೇ ಬರೆದಿರುತ್ತದೆ, ಎಷ್ಟೋ ಗಾಡಿಗಳಲ್ಲಿ 230 ಕೆಜಿ ಆಸುಪಾಸು. ಇಬ್ಬರು, ಜೊತೆಗೆ ಪೇಂಟ್ ಡಬ್ಬಗಳು. ಅಲ್ಲಿಗೆ ಮುಗಿಯಿತು.

ಜಾಸ್ತಿ ಜನ ಗಮನಿಸದ ಅಪಾಯ ಸನ್‌ಶೇಡ್ ಮತ್ತು ಬೀಮ್. ಆಪರೇಟರ್ ಬೇರೆ ಕಡೆ ನೋಡುತ್ತಾ ಬುಟ್ಟಿ ಏರಿಸುತ್ತಾನೆ, ತಲೆಯೋ ಬೆನ್ನೋ ಬೀಮಿಗೆ ತಾಗಿ ಅವನು ಕಂಟ್ರೋಲ್ ಪ್ಯಾನೆಲ್ ಮೇಲೆಯೇ ಬಗ್ಗಿ ಸಿಕ್ಕಿಬೀಳುತ್ತಾನೆ. ಲಿವರ್ ಮೇಲೆ ಮೈ ಒತ್ತಿದರೆ ಗಾಡಿ ಇನ್ನೂ ಏರುತ್ತದೆ. ಆಗ ಕೂಗಲಿಕ್ಕೂ ಆಗುವುದಿಲ್ಲ.

ಅದಕ್ಕೇ ಕೆಳಗೆ ಒಬ್ಬ ಬೇಕು. ಮೊಬೈಲ್ ನೋಡುತ್ತಾ ನಿಂತ ಹೆಲ್ಪರ್ ಅಲ್ಲ, ಕೆಳಗಿನ ಪ್ಯಾನೆಲ್‌ನಿಂದ ಬುಟ್ಟಿ ಇಳಿಸಲು ಗೊತ್ತಿರುವವನು. ಕೀ ಕೆಳಗಿನ ಪ್ಯಾನೆಲ್‌ನಲ್ಲೇ ಇರಲಿ. ಕೆಲವು ಆಪರೇಟರ್‌ಗಳು ಅದನ್ನು ಜೇಬಿಗೆ ಹಾಕಿಕೊಂಡು ಮೇಲೆ ಹೋಗುತ್ತಾರೆ. ಕೆಳಗೆ ನಿಲ್ಲುವ ಆ ಹುಡುಗನಿಗೆ ಕನ್ನಡವೋ ತುಳುವೋ ಹಿಂದಿಯೋ, ಯಾವುದು ಬರುತ್ತದೋ ಅದರಲ್ಲಿ ಹೇಳಿಕೊಡಿ. ದಿನಾ ಬೆಳಿಗ್ಗೆ ಖಾಲಿ ಬುಟ್ಟಿಯನ್ನು ಸ್ವಲ್ಪ ಏರಿಸಿ, ಎಂಜಿನ್ ಆಫ್ ಮಾಡಿ, ತುರ್ತು ಪಂಪ್‌ನಿಂದಲೇ ಅವನ ಕೈಯಲ್ಲಿ ಇಳಿಸಲು ಹೇಳಿ. ಇಳಿಯದಿದ್ದರೆ ಆ ದಿನ ಗಾಡಿ ಹತ್ತಬೇಡಿ.