ಗೇಟ್‌ಫ್ರಂಟ್ ಪಾಳೆಯದಲ್ಲಿ ಮೊದಲು ಬೀಳಬೇಕಾದವನು ಕಹಳೆಯವನು

ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್‌ನ ಗೇಟ್‌ಫ್ರಂಟ್ ಪಾಳೆಯದಲ್ಲಿ ಸೈನಿಕರೆಲ್ಲ ಮುತ್ತಿಕೊಳ್ಳುತ್ತಾರೆ, ಏಟು ತಪ್ಪಿಸಲು ರೋಲ್ ಮಾಡಿ (ಉರುಳಿ) ಮಾಡಿ ಸಾಕಾಯಿತು, ಕತ್ತಿಗೆ ಬಲ ಸಾಲದು, ಬಲ ಹೆಚ್ಚಿಸಿಕೊಳ್ಳಲು ಇನ್ನಷ್ಟು ರೂನ್ (ಆಟದ ನಾಣ್ಯ) ಕೂಡಿಸಿಕೊಂಡು ಬರುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ, ಕತ್ತಿಯಲ್ಲಿ ದೋಷವಿಲ್ಲ. ನೀವು ಹಾಕಿದ ವಿಡಿಯೊದಲ್ಲಿ ಮೊದಲಿನಿಂದ ಸಾಯುವವರೆಗೂ ಒಬ್ಬನ ಮೇಲೆಯೇ ಲಾಕ್-ಆನ್ ಇದೆ, ಅಂದರೆ ಕ್ಯಾಮೆರಾ ಅವನೊಬ್ಬನಿಗೇ ಅಂಟಿಕೊಂಡಿದೆ. ಆರಂಭದಲ್ಲಿ ನಾನೂ ಹೀಗೆಯೇ ಆಡುತ್ತಿದ್ದೆ. ಒಬ್ಬನನ್ನೇ ದಿಟ್ಟಿಸುತ್ತ ಹಿಂದೆ ಸರಿದರೆ ಬೆನ್ನು ಇನ್ನೊಬ್ಬನ ಆಯುಧಕ್ಕೆ ಸಿಗುತ್ತದೆ. ಗುಂಪು ಎದುರಾದರೆ ಲಾಕ್ ಬಿಟ್ಟುಬಿಡಿ. ಸ್ಟಿಕ್ ತಿರುಗಿಸಿದ ಕಡೆಗೇ ಏಟು ಹೋಗುತ್ತದೆ, ಕ್ಯಾಮೆರಾವೂ ನಿಮ್ಮ ಕೈಯಲ್ಲಿರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಕಹಳೆ. ಆ ಪಾಳೆಯದಲ್ಲಿ ಕಹಳೆ ಊದುವವನಿದ್ದಾನೆ. ಅವನು ನಿಮ್ಮನ್ನು ಕಂಡು ಊದಿದನೆಂದರೆ ದೂರದಲ್ಲಿ ಸುಮ್ಮನೆ ನಿಂತಿದ್ದವರೂ ಓಡಿ ಬರುತ್ತಾರೆ. ಆದ್ದರಿಂದ ಕುಗ್ಗಿ ನಡೆಯುತ್ತ, ಪೊದೆ ಮತ್ತು ಮುರಿದ ಗೋಡೆಗಳ ಮರೆಯಲ್ಲಿ ಅವನ ಬೆನ್ನ ಹಿಂದೆ ಹೋಗಿ ಬ್ಯಾಕ್‌ಸ್ಟ್ಯಾಬ್ ಮಾಡಿ. ಆ ಇರಿತ ಮುಗಿಯುವವರೆಗೆ ಬೇರೆಯವರ ಏಟು ನಿಮಗೆ ತಗಲುವುದಿಲ್ಲ. ಆದರೆ ಮುಗಿದ ಮರುಕ್ಷಣ ತಗಲುತ್ತದೆ, ಅಲ್ಲೇ ನಿಂತು ನೋಡಬೇಡಿ.

ಉಳಿದವರಿಗೆ ನಾನು ನಂಬಿರುವುದು ಎಸೆಯುವ ಚಾಕು. ಎಲ್ಲೆ ಚರ್ಚ್‌ನಲ್ಲಿ ಕೂತಿರುವ ವ್ಯಾಪಾರಿ ಕಾಲೆಯ ಹತ್ತಿರ ಸಿಗುತ್ತದೆ. ಅದರ ಏಟು ಅಲ್ಪ, ಕೊಲ್ಲುವುದಕ್ಕೆಂದು ಎಸೆಯುವುದೂ ಅಲ್ಲ. ಗುಂಪಿನ ಅಂಚಿನಲ್ಲಿರುವ ಒಬ್ಬನಿಗೆ ತಾಗಿಸಿ ಗೋಡೆಯ ಹಿಂದಕ್ಕೆ ಸರಿಯಿರಿ, ಅವನೊಬ್ಬನೇ ಹುಡುಕಿಕೊಂಡು ಬರುತ್ತಾನೆ. ಪಕ್ಕದಲ್ಲಿ ಒತ್ತಿ ನಿಂತವನಿದ್ದರೆ ಅವನೂ ಬರಬಹುದು, ಇಬ್ಬರಾದರೆ ಸಂಭಾಳಿಸಬಹುದು. ಮೂರನೆಯವನು ಕಂಡರೆ ಹೋರಾಡಬೇಡಿ, ರೋಲ್ ಕೂಡ ಮಾಡಬೇಡಿ, ತಿರುಗಿ ರಸ್ತೆಯ ಕಡೆಗೆ ಓಡಿ. ಬೆನ್ನಟ್ಟುವವರು ಒಂದೇ ವೇಗದಲ್ಲಿ ಓಡುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುತ್ತಿಗೆ ಸಾಲಾಗುತ್ತದೆ. ಆಗ ತಿರುಗಿ ಮೊದಲು ಬಂದವನನ್ನು ಮುಗಿಸಿ ಮತ್ತೆ ಓಡಿ. ಅಡ್ಡಬಿಲ್ಲಿನವರು ಇರುವ ಕಡೆ ಬಯಲಲ್ಲಿ ಓಡಿದರೆ ಬೆನ್ನಿಗೆ ಬಾಣ ಬೀಳುತ್ತದೆ, ಅಲ್ಲಿ ಗೋಡೆಯ ಮರೆಯೇ ಬೇಕು.

ಇನ್ನು ಗುರಾಣಿ. ವ್ಯಾಗಬಾಂಡ್ ಎಂಬ ಯೋಧನ ಪಾತ್ರದಿಂದ ಶುರು ಮಾಡಿದ್ದೀರಿ, ಕೈಯಲ್ಲಿರುವ ಹೀಟರ್ ಶೀಲ್ಡ್ ಕತ್ತಿ-ಈಟಿಗಳ ಏಟನ್ನು ನೂರಕ್ಕೆ ನೂರು ತಡೆಯುತ್ತದೆ. ಹಾಗೆಂದು ಯಾವಾಗಲೂ ಎತ್ತಿ ಹಿಡಿದಿದ್ದರೆ ಸ್ಟ್ಯಾಮಿನಾ (ದಮ್ಮು) ತುಂಬುವುದು ನಿಧಾನವಾಗುತ್ತದೆ, ವಿಡಿಯೊದಲ್ಲಿ ನಿಮ್ಮ ರಕ್ಷಣೆ ಮುರಿದದ್ದು ಅದಕ್ಕೇ. ಏಟು ಬರುವಾಗ ಎತ್ತಿ, ಉಳಿದ ಹೊತ್ತು ಇಳಿಸಿ. ತಡೆದ ಕೂಡಲೇ ಭಾರಿ ಏಟಿನ ಬಟನ್ ಒತ್ತಿದರೆ ಗಾರ್ಡ್ ಕೌಂಟರ್ ಎಂಬ ಮರುಏಟು ಬರುತ್ತದೆ. ಒಬ್ಬನೇ ಇದ್ದಾಗ ಅದು ಬಹಳ ಚೆನ್ನ, ಇಬ್ಬರ ನಡುವೆ ಅದೇ ನಿಮ್ಮನ್ನು ಕೊಲ್ಲುತ್ತದೆ.

ಧರಿಸಿದ ಆಯುಧ-ಕವಚಗಳ ತೂಕವನ್ನೂ ನೋಡಿಕೊಳ್ಳಿ. ಮಿತಿಯ 70% ದಾಟಿದರೆ ರೋಲ್ ಮೂಟೆ ಉರುಳಿದಂತಾಗುತ್ತದೆ. ಬಳಸದ ಎರಡನೆಯ ಆಯುಧವೂ ಧರಿಸಿದ್ದರೆ ಲೆಕ್ಕಕ್ಕೆ ಬರುತ್ತದೆ, ಚೀಲದಲ್ಲಿದ್ದರೆ ಬರುವುದಿಲ್ಲ. ಇಷ್ಟು ಸರಳ ವಿಷಯವನ್ನು ನೋಡದೆ ಆಟವೇ ಅನ್ಯಾಯ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೀಬೋರ್ಡ್ ಬಿಟ್ಟು ಕಂಟ್ರೋಲರ್ ಹಿಡಿಯಿರಿ. ಕಂಪ್ಯೂಟರಿನಲ್ಲಿ ಪ್ಲೇಸ್ಟೇಷನ್ನಿನ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಜೋಡಿಸಿದರೂ ಪರದೆಯ ಮೇಲೆ ಎಕ್ಸ್‌ಬಾಕ್ಸ್ ಬಟನ್‌ಗಳ ಚಿತ್ರಗಳೇ ಬರುತ್ತವೆ. ಹೊಸದಾಗಿ ಕಲಿಯುವವರಿಗೆ ಅದು ಗೊಂದಲ, ಆದ್ದರಿಂದ ನನ್ನ ಮತ ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ.

ಪಾಳೆಯ ಖಾಲಿಯಾದ ಮೇಲೆ ನೆಲಮಾಳಿಗೆಗೆ ಇಳಿಯದೆ ಹೋಗಬೇಡಿ. ಅಲ್ಲಿನ ಪೆಟ್ಟಿಗೆಯಲ್ಲಿ ವೆಟ್‌ಸ್ಟೋನ್ ನೈಫ್ ಜೊತೆಗೆ ಸ್ಟಾರ್ಮ್ ಸ್ಟಾಂಪ್ ಎಂಬ ಆ್ಯಶ್ ಆಫ್ ವಾರ್ (ಆಯುಧಕ್ಕೆ ಅಳವಡಿಸುವ ವಿಶೇಷ ಕೌಶಲ) ಇದೆ; ಅಳವಡಿಸಲು ಆ ನೈಫ್ ಬೇಕು. ಕಾಲಿನಿಂದ ನೆಲ ಒದ್ದರೆ ಸುತ್ತಲೂ ಗಾಳಿ ಎದ್ದು ಹತ್ತಿರದ ಸಣ್ಣ ಸೈನಿಕರು ತತ್ತರಿಸುತ್ತಾರೆ, ನಿಮಗೆ ಹೊರಬರಲು ದಾರಿಯಾಗುತ್ತದೆ. ನೈಟ್‌ಗಳ ಮೇಲೆ ಅದನ್ನೇ ನಂಬಬೇಡಿ. ಇನ್ನೊಂದು: ಕೆಲವು ಗುಂಪುಗಳನ್ನು ಪೂರ್ತಿ ಮುಗಿಸಿದರೆ ಗಾಯ ಮಾಯಿಸುವ ಫ್ಲಾಸ್ಕ್ ತಾನಾಗಿ ತುಂಬುತ್ತದೆ; ಕೊನೆಯ ಒಬ್ಬ ಉಳಿದಿದ್ದಾಗ ವಿಶ್ರಾಂತಿಯ ತಾಣವಾದ ಗ್ರೇಸ್‌ಗೆ ಓಡಿಹೋಗಿ ಕೂತರೆ ಎಲ್ಲರೂ ಮತ್ತೆ ಎದ್ದು ನಿಲ್ಲುತ್ತಾರೆ.

ಮುಂದೆ ಸ್ಟಾರ್ಮ್‌ವೇಲ್ ಕೋಟೆಯಲ್ಲಿ ಬಾಗಿಲು ಕಾಯುವ ಗೋಸ್ಟಾಕ್ ಎಂಬವನು ಪಕ್ಕದ ದಾರಿ ಹಿಡಿಯಲು ಹೇಳುತ್ತಾನೆ. ನಿಮಗೆ ಅದೇ ಸರಿ. ಮುಖ್ಯ ಬಾಗಿಲಿನೊಳಗೆ ದೊಡ್ಡ ಬಾಣದ ಯಂತ್ರಗಳು ಕಾದಿವೆ. ಆದರೆ ಪಕ್ಕದ ದಾರಿಯ ಅಂಚು ಕಿರಿದು, ಅಲ್ಲಿ ಅಡ್ಡಕ್ಕೆ ರೋಲ್ ಮಾಡಬೇಡಿ.